ಹೈಸ್ಕೂಲಿನಲ್ಲಿ ಮುಂದಿದ್ದವರು ಕಾಲೇಜಿಗೆ ಬಂದು ಯಾಕೆ ಎಡವುತ್ತಾರೆ?

ಕಾಲೇಜಿನ ಮೊದಲ ವರ್ಷದ ಮೊದಲ ಟೆಸ್ಟು. ಉತ್ತರ ಪತ್ರಿಕೆ ಕೈಗೆ ಬಂದಾಗ ಮೇಲ್ಗಡೆ ಕೆಂಪು ಶಾಯಿಯಲ್ಲಿ 50ಕ್ಕೆ 17 ಎಂದು ಬರೆದಿತ್ತು. ಬೇರೆ ಯಾರದ್ದೋ ಪೇಪರ್ ನನಗೆ ಬಂದಿರಬೇಕು ಅಂದುಕೊಂಡು ಹೆಸರು ನೋಡಿದೆ. ನನ್ನದೇ. ಹೈಸ್ಕೂಲ್ ಮುಗಿಯುವವರೆಗೂ ತರಗತಿಯ ಮೊದಲ ಐವರಲ್ಲಿ ನಾನೂ ಒಬ್ಬಳು. ಅವತ್ತು ಆ ಪೇಪರನ್ನು ನಾಲ್ಕಾಗಿ ಮಡಚಿ ಬ್ಯಾಗಿನ ತಳಕ್ಕೆ ತುರುಕಿದ್ದು ಇನ್ನೂ ನೆನಪಿದೆ.

ಓದಿರಲಿಲ್ಲವಾ ಅಂದರೆ, ಓದಿದ್ದೆ. ನಾಲ್ಕು ಸಲ ಓದಿದ್ದೆ. ಮುಖ್ಯ ಅನ್ನಿಸಿದ ಸಾಲಿಗೆಲ್ಲ ಹಳದಿ ಹೈಲೈಟರ್ ಎಳೆದೂ ಎಳೆದೂ ನೋಟ್ಸಿನ ಪುಟವೇ ಹಳದಿಯಾಗಿತ್ತು. ಟೆಸ್ಟಿನಲ್ಲಿ ಕೇಳಿದ್ದ ಸೂತ್ರ ಎಡಗಡೆ ಪುಟದ ಕೆಳಗಿನ ಮೂಲೆಯಲ್ಲಿ, ಒಂದು ಪುಟ್ಟ ಚಿತ್ರದ ಪಕ್ಕದಲ್ಲಿತ್ತು. ಅದು ಎಲ್ಲಿದೆ ಎನ್ನುವುದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಸೂತ್ರ ಮಾತ್ರ ಬರಲಿಲ್ಲ.

ಈಗ ನಾನೇ ಮೊದಲ ವರ್ಷದವರಿಗೆ ಪಾಠ ಮಾಡುತ್ತೇನೆ. ಮೊದಲ ಟೆಸ್ಟಿನ ಪೇಪರ್ ಕೊಡುವ ದಿನ ಪ್ರತಿ ವರ್ಷವೂ ಅದೇ ಮುಖ ಕಾಣುತ್ತದೆ. "ಮೇಡಂ, ಶಾಲೆಯಲ್ಲಿ ನಾನು ಹೀಗಿರಲಿಲ್ಲ" ಎಂದು ಯಾರಾದರೂ ಒಬ್ಬರು ಬಂದು ಹೇಳಿಯೇ ಹೇಳುತ್ತಾರೆ. ಆ ಮಾತು ನಿಜ. ಆದರೆ ಅದರ ಬೆನ್ನಿಗೇ "ನನಗೆ ಅಷ್ಟು ಬುದ್ಧಿ ಇಲ್ಲ" ಎಂದೋ, "ನಾನು ಸೋಮಾರಿಯಾಗಿಬಿಟ್ಟೆ" ಎಂದೋ ಅಂದುಕೊಳ್ಳುತ್ತಾರಲ್ಲ, ಅದು ನಿಜವಲ್ಲ. ಹಾಗಾದರೆ ಆಗಿರುವುದೇನು? ನಿಧಾನವಾಗಿ ಬಿಡಿಸಿ ನೋಡೋಣ.

ಮನೆಗೆ ಮೋಲ್ಡ್ ಹಾಕುವುದನ್ನು ನೋಡಿರುತ್ತೀರಿ. ಕಾಂಕ್ರೀಟ್ ಸುರಿಯುವ ಮೊದಲು ಕೆಳಗೆ ಹಲಗೆ, ಕಂಬ ಕೊಟ್ಟು ಸೆಂಟ್ರಿಂಗ್ ಮಾಡುತ್ತಾರೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಭಾರವನ್ನೆಲ್ಲ ಹೊರುವುದು ಆ ಕಂಬಗಳೇ. ಹೈಸ್ಕೂಲ್ ಕೂಡ ಹೆಚ್ಚುಕಡಿಮೆ ಇಂಥ ಸೆಂಟ್ರಿಂಗ್. ದಿನಾ ಹೋಂವರ್ಕ್. ಮಾರನೇ ದಿನ ಅದನ್ನೇ ಕೇಳುವ ಟೀಚರ್. ಆಗಾಗ ಒಂದು ಚಿಕ್ಕ ಟೆಸ್ಟು. ಗಂಟೆ ಹೊಡೆದರೆ ಬದಲಾಗುವ ಪಾಠ. ಪುಸ್ತಕ ತೆಗೆಯದಿದ್ದರೆ ಮನೆಯಲ್ಲಿ ಬೈಗುಳ. ಆಗ ಇವೆಲ್ಲ ಬರೀ ಕಿರಿಕಿರಿ ಅನ್ನಿಸುತ್ತದೆ, ಅಲ್ವಾ? ಆದರೆ ಇದರಲ್ಲಿ ಒಂದೊಂದೂ ನಮಗೇ ಗೊತ್ತಾಗದ ಹಾಗೆ ನಮ್ಮ ಒಂದೊಂದು ಕೆಲಸವನ್ನು ಮಾಡಿಕೊಡುತ್ತಿರುತ್ತದೆ. ಕಾಲೇಜಿಗೆ ಬಂದ ಮೊದಲ ವಾರದಲ್ಲೇ ಕಂಬಗಳನ್ನೆಲ್ಲ ಒಟ್ಟಿಗೆ ಬಿಚ್ಚಿಬಿಡುತ್ತಾರೆ. ಹಾಯೆನಿಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆ ಕಂಬಗಳು ಹೊತ್ತಿದ್ದ ಭಾರ ಯಾವುದು ಎಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮರೆವಿನ ಲೆಕ್ಕ

ಮೊದಲನೆಯ ಭಾರ ನೆನಪಿನದು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನೋವಿಜ್ಞಾನಿ ತಮ್ಮ ಮೇಲೆಯೇ ಒಂದು ಪ್ರಯೋಗ ಮಾಡಿಕೊಂಡು, 1885ರಲ್ಲಿ ಅದನ್ನು ಪ್ರಕಟಿಸಿದರು. ಅರ್ಥವೇ ಇಲ್ಲದ ಪುಟ್ಟ ಪುಟ್ಟ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು. ಸ್ವಲ್ಪ ಹೊತ್ತು ಬಿಟ್ಟು ಅದೇ ಪಟ್ಟಿಯನ್ನು ಮತ್ತೆ ಕಲಿಯುವುದು. ಮೊದಲ ಸಲಕ್ಕೆ ಹೋಲಿಸಿದರೆ ಎರಡನೇ ಸಲ ಎಷ್ಟು ಶ್ರಮ ಉಳಿತಾಯವಾಯಿತು ಎಂದು ಲೆಕ್ಕ ಹಾಕುವುದು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಕಲಿತಾಗ ಶೇ 58ರಷ್ಟು ಶ್ರಮ ಉಳಿತಾಯವಾಗಿತ್ತು. ಒಂದು ದಿನ ಬಿಟ್ಟಾಗ ಸುಮಾರು ಮೂರನೇ ಒಂದು ಪಾಲು. ಒಂದು ತಿಂಗಳು ಬಿಟ್ಟಾಗ ಸುಮಾರು ಐದನೇ ಒಂದು ಪಾಲು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಮೊದಲ ದಿನದಲ್ಲಿ ಹೋಗುವಷ್ಟು ಆಮೇಲಿನ ಇಡೀ ತಿಂಗಳಲ್ಲಿ ಹೋಗುವುದಿಲ್ಲ. ಅರ್ಥವಿರುವ ಪಾಠ ಅರ್ಥವಿಲ್ಲದ ಶಬ್ದಗಳಷ್ಟು ಬೇಗ ಮರೆಯುವುದಿಲ್ಲ, ನಿಜ. ಆದರೆ ಮರೆವಿನ ದಾರಿ ಹೀಗೆಯೇ: ಮೊದಲು ಕಡಿದಾದ ಇಳಿಜಾರು, ಆಮೇಲೆ ಸಮತಟ್ಟು. ಹೈಸ್ಕೂಲಿನ ಹೋಂವರ್ಕ್ ಬರುತ್ತಿದ್ದದ್ದು ಯಾವಾಗ? ಅದೇ ಸಂಜೆ. ಇಳಿಜಾರಿನ ತುದಿಯಲ್ಲೇ ನಮ್ಮನ್ನು ಹಿಡಿದು ನಿಲ್ಲಿಸುತ್ತಿತ್ತು. ಕಾಲೇಜಿನಲ್ಲಿ ನೋಟ್ಸ್ ಮತ್ತೆ ತೆರೆಯುವುದು ಟೆಸ್ಟಿನ ಹಿಂದಿನ ರಾತ್ರಿ. ಅಷ್ಟರಲ್ಲಿ ಮೂರು ವಾರ ಕಳೆದಿರುತ್ತದೆ. ನಾವು ಓದುತ್ತಿರುವುದು ಪುನರಾವರ್ತನೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಮೊದಲಿನಿಂದ ಕಲಿಯುತ್ತಿರುತ್ತೇವೆ.

ಇನ್ನು ನನ್ನ ಹಳದಿ ಪುಟದ ಕಥೆ. ಇದನ್ನು ಅರ್ಥ ಮಾಡಿಸುವ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿಗಳಲ್ಲಿ ಪಾಠ ನೋಡದೆ ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಬರೀ ಓದಿದವರೇ ಮುಂದೆ: ಅವರಿಗೆ ಶೇ 83 ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿದಾಗ ಲೆಕ್ಕ ತಲೆಕೆಳಗಾಯಿತು. ಬರೀ ಓದಿದವರಿಗೆ ಶೇ 40. ಬರೆದವರಿಗೆ ಶೇ 61.

ನನ್ನ ಮನಸ್ಸಿಗೆ ನಾಟಿದ್ದು ಅಂಕಿಗಿಂತ ಇನ್ನೊಂದು ವಿಷಯ. ಓದಿ ಮುಗಿಸಿದ ಕೂಡಲೇ "ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ?" ಎಂದು ಕೇಳಿದ್ದರು. ಜಾಸ್ತಿ ಧೈರ್ಯದಿಂದ ಉತ್ತರ ಕೊಟ್ಟವರು ನಾಲ್ಕೂ ಅವಧಿ ಓದಿದವರು.

ಯಾಕೆ ಹೀಗೆ? ದಾರಿಯಲ್ಲಿ ಎದುರಾದ ಮುಖವನ್ನು ನೋಡಿ "ಇವರನ್ನು ಎಲ್ಲೋ ನೋಡಿದ್ದೇನೆ" ಅನ್ನುವುದು ಸುಲಭ. ಆ ಮುಖವನ್ನು ಮನೆಗೆ ಬಂದು ಕಾಗದದ ಮೇಲೆ ಬಿಡಿಸಿ ಅಂದರೆ? ಮತ್ತೆ ಮತ್ತೆ ಓದುವಾಗ ಸಾಲುಗಳ ಪರಿಚಯ ಬೆಳೆಯುತ್ತದೆ. ಪರಿಚಯವಾದದ್ದನ್ನೆಲ್ಲ ನಾವು "ಬರುತ್ತದೆ" ಅಂದುಕೊಂಡುಬಿಡುತ್ತೇವೆ. ಪರೀಕ್ಷೆ ಕೇಳುವುದು ಪರಿಚಯವನ್ನಲ್ಲ, ಒಳಗಿನಿಂದ ಎತ್ತಿ ತರುವುದನ್ನು. ಸೂತ್ರ ಯಾವ ಮೂಲೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಅದನ್ನು ಒಳಗಿನಿಂದ ಎತ್ತಿ ತರುವ ಅಭ್ಯಾಸ ಒಂದು ಸಲವೂ ಮಾಡಿರಲಿಲ್ಲ. ಹೈಸ್ಕೂಲಿನಲ್ಲಿ ಆ ಅಭ್ಯಾಸ ಮಾಡಿಸುತ್ತಿದ್ದದ್ದು, "ಎದ್ದು ನಿಂತು ಹೇಳು" ಅನ್ನುತ್ತಿದ್ದ ಟೀಚರ್.

ಇದನ್ನು ನಾವೇ ಮಾಡಿಕೊಳ್ಳುವುದು ಹೇಗೆ? ಪಾಠ ಒಂದು ಸಲ ಓದಿ. ಪುಸ್ತಕ ಮುಚ್ಚಿ. ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ನೆನಪಿಗೆ ಬಂದಷ್ಟನ್ನು ಬರೆಯಿರಿ. ಮೊದಲ ನಾಲ್ಕೈದು ಸಾಲು ಸಲೀಸಾಗಿ ಬರುತ್ತದೆ. ಆಮೇಲೆ ಪೆನ್ನು ನಿಲ್ಲುತ್ತದೆ. ಅಲ್ಲಿ ಏನೋ ಒಂದು ಇತ್ತಲ್ಲ, ನಾಲಿಗೆ ತುದಿಯಲ್ಲಿದೆ, ಬರುತ್ತಿಲ್ಲ. ಕೈ ತಾನಾಗಿಯೇ ಪುಸ್ತಕದ ಕಡೆ ಹೋಗುತ್ತದೆ. ಒಂದೆರಡು ನಿಮಿಷ ತಡೆಯಿರಿ. ಹೀಗೆ ಸಿಕ್ಕಿಹಾಕಿಕೊಂಡಾಗಲೇ ನೆನಪು ಗಟ್ಟಿಯಾಗುವ ಕೆಲಸ ನಡೆಯುವುದು. ಏನೂ ಬರದಿದ್ದರೂ ನಷ್ಟವಿಲ್ಲ. ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಶಾಯಿಯಲ್ಲಿ ತುಂಬಿಸಿ. ನಾನು ವಿದ್ಯಾರ್ಥಿಗಳಿಗೆ ಹಸಿರು ಪೆನ್ನು ಇಟ್ಟುಕೊಳ್ಳಲು ಹೇಳುತ್ತೇನೆ. ಕೆಂಪು ಬೇಡ, ಅದು ಸುಮ್ನೆ ತಪ್ಪಿನ ನೆನಪು ತರುತ್ತದೆ. ಮುಂದಿನ ಸಲ ಓದಬೇಕಾದದ್ದು ಆ ಹಸಿರು ಭಾಗವನ್ನು ಮಾತ್ರ.

ಲೆಕ್ಕದ ವಿಷಯಕ್ಕೆ ಇನ್ನೊಂದು ಮಾತು ಸೇರಿಸಬೇಕು. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಒಂದು ಗುಂಪು ಒಂದು ಜಾತಿಯ ಲೆಕ್ಕವನ್ನೆಲ್ಲ ಮುಗಿಸಿ ಇನ್ನೊಂದಕ್ಕೆ ಹೋಯಿತು. ಇನ್ನೊಂದು ಗುಂಪಿಗೆ ನಾಲ್ಕು ಜಾತಿಯ ಲೆಕ್ಕಗಳನ್ನು ಕಲಸಿ ಕೊಟ್ಟರು. ಅಭ್ಯಾಸ ಮಾಡುವಾಗ ಮೊದಲ ಗುಂಪಿನ ಶೇ 89 ಉತ್ತರಗಳು ಸರಿ, ಎರಡನೆಯದರಲ್ಲಿ ಬರೀ ಶೇ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು ಶೇ 20ಕ್ಕೆ ಇಳಿಯಿತು. ಕಲಸಿ ಮಾಡಿದವರು ಶೇ 63ರಲ್ಲಿ ನಿಂತರು. ಒಂದೇ ಅಧ್ಯಾಯದ ಇಪ್ಪತ್ತು ಲೆಕ್ಕ ಬಿಡಿಸುವಾಗ, ಯಾವ ಸೂತ್ರ ಹಾಕಬೇಕು ಎಂಬುದು ಪ್ರಶ್ನೆ ಓದುವ ಮೊದಲೇ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ನಿಜವಾದ ಕಷ್ಟವೇ ಅದು, ಯಾವ ಸೂತ್ರ ಎಂದು ಆರಿಸುವುದು. ಅದನ್ನು ನಾವು ಅಭ್ಯಾಸವೇ ಮಾಡಿರುವುದಿಲ್ಲ.

ಎರಡೂ ಪ್ರಯೋಗಗಳಲ್ಲಿ ಕಾಣುವುದು ಒಂದೇ. ಓದುವಾಗ ಸಲೀಸು ಅನ್ನಿಸಿದ್ದು ಉಳಿಯಲಿಲ್ಲ, ಒದ್ದಾಡಿಸಿದ್ದು ಉಳಿಯಿತು. ರಾಬರ್ಟ್ ಬ್ಯೋರ್ಕ್ ಎಂಬ ಮನೋವಿಜ್ಞಾನಿ ಇದನ್ನು ಬೇಕಾದ ಕಷ್ಟ ಎಂಬ ಅರ್ಥದ ಹೆಸರಿನಿಂದ ಕರೆದರು. ನನಗೆ ಇದು ತುಂಬಾ ಮುಖ್ಯ ಅನ್ನಿಸುವುದಕ್ಕೆ ಕಾರಣವಿದೆ. ಖಾಲಿ ಹಾಳೆಯ ಮುಂದೆ ಪೆನ್ನು ನಿಂತಾಗ ಹುಡುಗರು "ನಾನು ದಡ್ಡ" ಅಂದುಕೊಂಡು, ವಾಪಸ್ ಹೈಲೈಟರ್ ಹಿಡಿಯುತ್ತಾರೆ. ಕೆಲಸ ಮಾಡುತ್ತಿದ್ದ ದಾರಿಯನ್ನು ಬಿಟ್ಟು, ಕೆಲಸ ಮಾಡದ ದಾರಿಗೆ ಮರಳುತ್ತಾರೆ. ಅದೂ ಶ್ರದ್ಧೆಯಿಂದ.

"ನಾಳೆಯಿಂದ ಓದ್ತೀನಿ"

ಎರಡನೆಯ ಭಾರ ಸಮಯದ್ದು. ಮುಂದಾಲೋಚನೆ ಮಾಡುವ, ಮನಸ್ಸನ್ನು ತಡೆಹಿಡಿಯುವ ಕೆಲಸ ಮಾಡುವುದು ಮೆದುಳಿನ ಮುಂಭಾಗ. ಅದು ಪೂರ್ತಿ ಬೆಳೆಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಅಂದರೆ ಹದಿನೆಂಟರ ಹುಡುಗನಿಗೆ ಆರು ತಿಂಗಳ ಆಚೆಯ ಪರೀಕ್ಷೆಗೆ ಈವತ್ತೇ ತಯಾರಾಗು ಎಂದು ಬಿಟ್ಟುಬಿಡುವಾಗ, ಆ ಕೆಲಸಕ್ಕೆ ಬೇಕಾದ ಭಾಗ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಅವನಿಂದ ಆಗುವುದಿಲ್ಲ ಎಂದಲ್ಲ. ಆಸರೆ ಇಲ್ಲದೆ ಕಷ್ಟ, ಅಷ್ಟೇ.

ಮುಂದೂಡುವುದಕ್ಕೆ ಸೋಮಾರಿತನ ಕಾರಣ ಎಂದು ನಾವೆಲ್ಲ ನಂಬಿದ್ದೇವೆ. ಈ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಟಿಮತಿ ಪಿಚಿಲ್ ಮತ್ತು ಫ್ಯೂಷಿಯಾ ಸಿರೋಯಿಸ್ ಹೇಳುವುದು ಬೇರೆ. ನಾವು ತಪ್ಪಿಸಿಕೊಳ್ಳುವುದು ಕೆಲಸದಿಂದಲ್ಲ. ಆ ಕೆಲಸ ನೆನೆದರೆ ಹುಟ್ಟುವ ಅಳುಕಿನಿಂದ, ಬೇಸರದಿಂದ. ಅರ್ಥವಾಗದ ಪಾಠ ತೆರೆದರೆ "ನನಗೆ ಬರಲ್ಲ" ಎಂಬ ಸಂಕಟ. ಫೋನ್ ಎತ್ತಿಕೊಂಡರೆ ಆ ಸಂಕಟ ತಕ್ಷಣ ಮಾಯ. ಹಾಗಾಗಿ ಮನಸ್ಸು ಮುಂದಿನ ಸಲವೂ ಅದನ್ನೇ ಮಾಡುತ್ತದೆ. ಇದು ಅರ್ಥವಾದರೆ, ಮುಂದೂಡಿದ ಮಗುವಿಗೆ ಇನ್ನಷ್ಟು ಬೈಯುವುದು ಯಾಕೆ ಕೆಲಸ ಮಾಡುವುದಿಲ್ಲ ಎಂಬುದೂ ಅರ್ಥವಾಗುತ್ತದೆ. ಬೈದಷ್ಟೂ ಆ ಪಾಠದ ಜೊತೆ ಸಂಕಟ ಜಾಸ್ತಿ ಅಂಟಿಕೊಳ್ಳುತ್ತದೆ. 2010ರ ಒಂದು ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ತಮ್ಮನ್ನೇ ಹಳಿದುಕೊಂಡು ಕೂತವರಲ್ಲಿ ಹಾಗೆ ಆಗಲಿಲ್ಲ.

ಶಾಲೆಯ ಗಂಟೆ ಮಾಡುತ್ತಿದ್ದ ಕೆಲಸವನ್ನು ಒಂದು ವಾಕ್ಯದಿಂದ ಮಾಡಿಕೊಳ್ಳಬಹುದು ಎಂದು ತೋರಿಸಿದವರು ಪೀಟರ್ ಗಾಲ್‌ವಿಟ್ಸರ್ ಎಂಬ ಮನೋವಿಜ್ಞಾನಿ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅರ್ಧ ಜನರಿಗೆ "ಎಲ್ಲಿ ಕೂತು, ಯಾವಾಗ ಬರೆಯುತ್ತೀರಿ ಎಂಬುದನ್ನು ಈಗಲೇ ನಿಶ್ಚಯ ಮಾಡಿಕೊಳ್ಳಿ" ಎಂದು ಹೇಳಿದರು. ಹಾಗೆ ನಿಶ್ಚಯ ಮಾಡಿಕೊಂಡವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಹೇಳಿದ ಸಮಯಕ್ಕೆ ಬರೆದರು. ಮಿಕ್ಕವರಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. "ಈ ವಾರ ಚೆನ್ನಾಗಿ ಓದಬೇಕು" ಅನ್ನುವುದು ಆಸೆ. "ಸಂಜೆ ಆರಕ್ಕೆ, ಕಿಟಕಿ ಪಕ್ಕದ ಮೇಜಿನಲ್ಲಿ, ಇವತ್ತಿನ ಪಾಠವನ್ನು ಖಾಲಿ ಹಾಳೆಯಲ್ಲಿ ಬರೆಯುತ್ತೇನೆ" ಅನ್ನುವುದು ಗಂಟೆ. ಆರು ಹೊಡೆದಾಗ ಓದಲೋ ಬೇಡವೋ ಎಂದು ಮತ್ತೆ ಯೋಚಿಸಬೇಕಿಲ್ಲ.

ನಿದ್ದೆಯ ಬಗ್ಗೆ ಒಂದೇ ಮಾತು. ಹದಿವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ಬೇಗ ನಿದ್ದೆ ಬರದಿರುವುದು ಬರೀ ಹಟವಲ್ಲ. ಆದರೆ ಹದಿಮೂರರಿಂದ ಹದಿನೆಂಟರವರಿಗೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು, ಮತ್ತು ಹಗಲು ಕಲಿತದ್ದು ನೆಲೆಯಾಗುವುದು ನಿದ್ದೆಯಲ್ಲೇ. ರಾತ್ರಿಯಿಡೀ ಎಚ್ಚರವಿದ್ದು ಓದುವವರು ಓದಿದ್ದನ್ನು ಇಟ್ಟುಕೊಳ್ಳುವ ಹೊತ್ತನ್ನೇ ಓದುವುದಕ್ಕೆ ಖರ್ಚು ಮಾಡುತ್ತಾರೆ.

ಕೆರೆಯ ಮೀನು ನದಿಗೆ ಬಂದಾಗ

ಮೂರನೆಯದು ಅಂಕಪಟ್ಟಿಯಲ್ಲಿ ಕಾಣದ ಭಾರ. ಹೈಸ್ಕೂಲಿನಲ್ಲಿ ನಾವು ಯಾರು ಎಂಬುದನ್ನೂ ಬೇರೆಯವರೇ ಹೇಳಿರುತ್ತಾರೆ. "ಇವಳು ಲೆಕ್ಕದಲ್ಲಿ ಚುರುಕು." "ಇವನು ಬಾಯಿ ಬಿಡಲ್ಲ, ಆದರೆ ಒಳ್ಳೆಯ ಹುಡುಗ." ಆ ಗುರುತು ವರ್ಷಗಟ್ಟಲೆ ನಮ್ಮನ್ನು ಹೊತ್ತಿರುತ್ತದೆ. ಕಾಲೇಜಿನಲ್ಲಿ ಆ ಗುರುತು ತಿಳಿದವರು ಯಾರೂ ಇರುವುದಿಲ್ಲ. ಅಷ್ಟೇ ಅಲ್ಲ, ಪಕ್ಕದಲ್ಲಿ ಕೂತವರೆಲ್ಲ ಅವರವರ ಶಾಲೆಯ ಚುರುಕು ಹುಡುಗಿಯರು, ಚುರುಕು ಹುಡುಗರು.

ಹರ್ಬರ್ಟ್ ಮಾರ್ಷ್ ಎಂಬ ಸಂಶೋಧಕ 1980ರ ದಶಕದಲ್ಲಿ ಇದಕ್ಕೊಂದು ಹೆಸರಿಟ್ಟರು: ಚಿಕ್ಕ ಕೊಳದ ದೊಡ್ಡ ಮೀನು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ತುಂಬಾ ಚುರುಕಾದವರ ನಡುವೆ ಓದುವವರಿಗೆ ತಮ್ಮ ಬಗ್ಗೆ ಕಡಿಮೆ ಅನ್ನಿಸುತ್ತದೆ. ಮೀನು ಸಣ್ಣದಾಗಿಲ್ಲ, ನೀರು ದೊಡ್ಡದಾಗಿದೆ. ಇದರ ಜೊತೆ ಇನ್ನೊಂದು ಅಳುಕು ಸೇರುತ್ತದೆ. "ನಾನು ಇಲ್ಲಿ ಇರಬೇಕಾದವಳಲ್ಲ, ಹೇಗೋ ಬಂದುಬಿಟ್ಟಿದ್ದೇನೆ, ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ." ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಈ ಅಳುಕಿನ ಬಗ್ಗೆ ಬರೆದದ್ದು, ಸಾಧನೆ ಮಾಡಿದ ಹೆಂಗಸರನ್ನು ನೋಡಿ. ಸೋತವರನ್ನಲ್ಲ.

ಹೀಗೆ ಅಳುಕಿದವರು ಏನು ಮಾಡುತ್ತಾರೆ? ಮುಚ್ಚಿಡುತ್ತಾರೆ. ತರಗತಿಯಲ್ಲಿ ಡೌಟ್ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಭಯ. ಎಲ್ಲರೂ ಎಷ್ಟು ನೋಡುತ್ತಾರೆ ಎಂಬುದನ್ನೂ ಅಳೆದಿದ್ದಾರೆ. 2000ದಲ್ಲಿ ಪ್ರಕಟವಾದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮುಜುಗರವಾಗುವಂಥ ಟೀ ಶರ್ಟ್ ಹಾಕಿಸಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ಜನರಿದ್ದ ಕೋಣೆಯೊಳಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಎಂದು ಹಾಕಿಕೊಂಡವರು ಅಂದುಕೊಂಡರು. ಗಮನಿಸಿದ್ದು ಕಾಲುಭಾಗಕ್ಕಿಂತ ಕಡಿಮೆ ಜನ.

ಈ ಅಳುಕಿಗೆ ಏನು ಮದ್ದು ಎಂಬುದಕ್ಕೆ 2011ರಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. ಅಮೆರಿಕದ ಒಂದು ಕಾಲೇಜಿನ ಮೊದಲ ವರ್ಷದವರಿಗೆ ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಲು ಕೊಟ್ಟರು. ಅವುಗಳಲ್ಲಿದ್ದದ್ದು ಇಷ್ಟೇ: ಶುರುವಿನಲ್ಲಿ ನಾನು ಇಲ್ಲಿಗೆ ಸೇರಿದವನಲ್ಲ ಎಂದು ಎಲ್ಲರಿಗೂ ಅನ್ನಿಸುತ್ತದೆ, ದಿನ ಕಳೆದಂತೆ ಅದು ಹೋಗುತ್ತದೆ. ಓದಿದವರು ಅದರ ಬಗ್ಗೆ ತಮ್ಮ ಮಾತಿನಲ್ಲಿ ಬರೆದರು. ಎಲ್ಲ ಸೇರಿ ಸುಮಾರು ಒಂದು ತಾಸಿನ ಕೆಲಸ. ಮುಂದಿನ ಮೂರು ವರ್ಷಗಳಲ್ಲಿ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅಂಕ ಏರಿತು, ಬಿಳಿಯ ವಿದ್ಯಾರ್ಥಿಗಳಿಗೂ ಅವರಿಗೂ ಇದ್ದ ಅಂತರ ಅರ್ಧಕ್ಕೆ ಇಳಿಯಿತು. ಪಾಠ ಒಂದಕ್ಷರವೂ ಹೆಚ್ಚು ಹೇಳಿಕೊಟ್ಟಿರಲಿಲ್ಲ. ಕಡಿಮೆ ಅಂಕ ಬಂದಾಗ, ಡೌಟ್ ಬಂದಾಗ, ಅದರ ಅರ್ಥವೇನು ಎಂಬುದು ಮಾತ್ರ ಬದಲಾಗಿತ್ತು. "ನಾನು ಇಲ್ಲಿಯವಳಲ್ಲ" ಅನ್ನುತ್ತಿದ್ದ ಜಾಗದಲ್ಲಿ "ಎಲ್ಲರಿಗೂ ಹೀಗೇ ಅಂತೆ" ಬಂದಿತ್ತು.

ಬ್ಯಾಗಿನ ತಳಕ್ಕೆ ತುರುಕಿದ್ದ ಆ ಪೇಪರಿನ ವಿಷಯವನ್ನು ನಾನು ಪಕ್ಕದ ಬೆಂಚಿನ ಗೆಳತಿಗೆ ಹೇಳಿದ್ದು ಎರಡು ತಿಂಗಳಾದ ಮೇಲೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನಂಗೆ 14 ಬಂದಿತ್ತು ಕಣೇ" ಅಂದಳು. ಎರಡು ತಿಂಗಳು ಇಬ್ಬರೂ ಅಕ್ಕಪಕ್ಕ ಕೂತು, ಒಬ್ಬರಿಗೊಬ್ಬರು ಜಾಣೆಯರಂತೆ ಕಂಡು, ಒಳಗೊಳಗೇ ಬೆಂದಿದ್ದೆವು. ಅವತ್ತಿನಿಂದ ಒಟ್ಟಿಗೆ ಓದಲು ಶುರು ಮಾಡಿದೆವು. ಅವಳು ಪ್ರಶ್ನೆ ಕೇಳುವುದು, ನಾನು ಪುಸ್ತಕ ನೋಡದೆ ಹೇಳುವುದು. ಆಮೇಲೆ ನಾನು ಕೇಳುವುದು. ಆಗ ನಮಗೆ ಯಾವ ಸಂಶೋಧನೆಯೂ ಗೊತ್ತಿರಲಿಲ್ಲ. ಬಿಚ್ಚಿದ ಕಂಬಗಳನ್ನು ನಮ್ಮ ಕೈಯಾರೆ ಮತ್ತೆ ನಿಲ್ಲಿಸುತ್ತಿದ್ದೆವು ಎಂಬುದು ಈಗ ಅರ್ಥವಾಗುತ್ತಿದೆ.

ಅದಕ್ಕೇ ಈಗ ಮೊದಲ ಟೆಸ್ಟಿನ ಪೇಪರ್ ಕೊಡುವ ದಿನ ನನ್ನ 17ರ ಕಥೆಯನ್ನು ಮೊದಲು ಹೇಳಿ, ಆಮೇಲೆ ಪೇಪರ್ ಹಂಚುತ್ತೇನೆ.

ಹೋದ ವರ್ಷ ಒಬ್ಬ ಹುಡುಗ "ಶಾಲೆಯಲ್ಲಿ ನಾನು ಹೀಗಿರಲಿಲ್ಲ ಮೇಡಂ" ಎಂದು ಬಂದಿದ್ದ. ಖಾಲಿ ಹಾಳೆಯ ವಿಷಯ ಹೇಳಿ ಕಳಿಸಿದ್ದೆ. ಒಂದು ತಿಂಗಳ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಒಂದು ಕಟ್ಟು ಹಾಳೆ. ಮೇಜಿನ ಮೇಲೆ ವಾರದ ಲೆಕ್ಕದಲ್ಲಿ ಸಾಲಾಗಿ ಹರಡಿದ. ಮೊದಲ ವಾರದ ಹಾಳೆಗಳಲ್ಲಿ ನೀಲಿ ಅಕ್ಷರ ನಾಲ್ಕು ಸಾಲು, ಉಳಿದದ್ದೆಲ್ಲ ಹಸಿರು. ಎರಡನೇ ವಾರ ಅರ್ಧ ಅರ್ಧ. ನಾಲ್ಕನೇ ವಾರದ ಒಂದು ಹಾಳೆಯಲ್ಲಿ ಹಸಿರು ಮೂರೇ ಸಾಲು ಇತ್ತು. "ಇವತ್ತಿನದು ಎಲ್ಲಿ?" ಎಂದು ಕೇಳಿದೆ.

"ಇನ್ನೂ ಬರೆದಿಲ್ಲ ಮೇಡಂ," ಅಂದ, ಗೋಡೆ ಗಡಿಯಾರದ ಕಡೆ ನೋಡುತ್ತಾ. "ಸಂಜೆ ಆರಕ್ಕೆ."